ನಮ್ಮವರ ಸುಳ್ಳು ಟೈಮು

ಕಾಪುವಿನ ಕಾರು ಸ್ಟ್ಯಾಂಡಿನಲ್ಲಿ ಹಳಬರು ಯಾರಾದರೂ ಸಿಕ್ಕಿದರೆ ಕೇಳಿ ನೋಡಿ. ದೇಜಪ್ಪನಷ್ಟು ಟೈಮಿನ ಮನುಷ್ಯ ಈ ಕಡೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲ ಎನ್ನುತ್ತಾರೆ. ಅವನ ಅಂಬಾಸಿಡರ್ ಹತ್ತಿದರೆ ಅರ್ಧ ವಿಮಾನ ಹತ್ತಿದ ಹಾಗೆ ಎನ್ನುತ್ತಾರೆ. ಇದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ, ಯಾಕೆಂದರೆ ಆ ದೇಜಪ್ಪನ ಹೆಂಡತಿ ನಾನು. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಅಮ್ಮ ಕಲಿಸಿದ್ದಳು. ಊರೆಲ್ಲ ಹೇಳುವ ಹೆಸರನ್ನು ನಾನೊಬ್ಬಳು ನುಂಗಿಕೊಂಡು ಕೂತರೆ ಎಂತ ಸಿಗುತ್ತದೆ? ಆದ್ದರಿಂದ ಹೇಳುತ್ತೇನೆ.

ಈ ಟೈಮಿನ ಮನುಷ್ಯ ತನ್ನ ಮದುವೆಗೇ ತಡವಾಗಿ ಬಂದವರು. ಎಪ್ಪತ್ತನಾಲ್ಕರ ಮೇ ತಿಂಗಳು. ಕಾರ್ಕಳದಿಂದ ದಿಬ್ಬಣ ಬಂತು, ಮದುಮಗ ಮಾತ್ರ ಬರಲಿಲ್ಲ. ಬೆಳಿಗ್ಗೆ ಯಾರನ್ನೋ ಬಜಪೆಯ ವಿಮಾನ ನಿಲ್ದಾಣಕ್ಕೆ ಬಿಟ್ಟು ನೇರ ಚಪ್ಪರಕ್ಕೆ ಬರುತ್ತೇನೆಂದು ಹೇಳಿ ಹೋಗಿದ್ದರಂತೆ. ಪುರೋಹಿತರು ಮೂರು ಸಲ ಬೀದಿಯ ಕಡೆ ನೋಡಿದರು. ನನ್ನ ಸೋದರಮಾವ ಹಲ್ಲು ಕಚ್ಚಿಕೊಂಡು ನಿಂತಿದ್ದರು. ಕೊನೆಗೆ ಕಾರು ಬಂತು, ಇವರು ಕಾರಿನೊಳಗೇ ಪ್ಯಾಂಟು ಬಿಚ್ಚಿ ಪಂಚೆ ಸುತ್ತಿಕೊಂಡು ಇಳಿದರು. ಮುಹೂರ್ತ ಹೇಗೋ ಮುಗಿಯಿತು. ಊಟದ ಹೊತ್ತಿಗೆ ನನ್ನ ಕಿವಿಯಲ್ಲಿ ಹೇಳಿದ ಮೊದಲ ಮಾತು ಏನು ಗೊತ್ತುಂಟಾ? ವಿಮಾನ ಹೊರಡುವುದು ಸ್ವಲ್ಪ ತಡವಾಯಿತಂತೆ, ಅದು ಮೇಲೇರಿದ ಮೇಲೆ ಹೊರಟು ಬಂದರಂತೆ. ನಾನು ಚಪ್ಪರದಲ್ಲಿ ತಲೆ ತಗ್ಗಿಸಿ ಕೂತಿದ್ದಾಗ ಅವರು ಅಲ್ಲಿ ತಲೆ ಎತ್ತಿ ಆಕಾಶ ನೋಡುತ್ತಿದ್ದರು.

ಅವರದು ಕಾರ್ಕಳ. ಅಪ್ಪ ಕಲ್ಲಿನ ಕೋರೆಯಲ್ಲಿ ಕೆಲಸಕ್ಕಿದ್ದರು. ಇವರು ಶಾಲೆ ಬಿಟ್ಟು ಕಲ್ಲಿನ ಲಾರಿಗೆ ಕ್ಲೀನರ್ ಆದರು, ಡ್ರೈವರನ ಬೈಗುಳ ತಿನ್ನುತ್ತಾ ಸ್ಟಿಯರಿಂಗು ಕಲಿತರು. ಆಮೇಲೆ ಮಣಿಪಾಲದಲ್ಲಿ ಒಬ್ಬ ಡಾಕ್ಟರ ಕಾರಿಗೆ ಡ್ರೈವರಾಗಿ ಸೇರಿದರು. ಡಾಕ್ಟರು ಊರು ಬಿಟ್ಟು ಹೋಗುವಾಗ ಹಳೆಯ ಅಂಬಾಸಿಡರನ್ನು ಇವರ ಕೈಗೇ ಕೊಟ್ಟುಹೋದರು. ಉಡುಪಿಯ ಸ್ಟ್ಯಾಂಡಿನಲ್ಲಿ ಹೊಸಬರಿಗೆ ಜಾಗ ಇರಲಿಲ್ಲ. ಹಾಗಾಗಿ ಕಾಪುವಿಗೆ ಬಂದು ನಿಂತರು, ನನ್ನ ಹಣೆಬರಹಕ್ಕೆ ಸಿಕ್ಕಿದರು. ನಮ್ಮಲ್ಲಿ ಮನೆ ಹೆಣ್ಣಿನ ಪಾಲಿಗೆ ಬರುತ್ತದೆ, ಮನೆಯಲ್ಲಿ ಅಮ್ಮ ಒಬ್ಬಳೇ, ಆದ್ದರಿಂದ ಮದುವೆಯಾದ ಮೇಲೆ ಅವರೇ ನಮ್ಮ ಮನೆಗೆ ಬಂದರು. ನಾನು ಹುಟ್ಟಿದ ಕೋಣೆಯಲ್ಲೇ ಸಂಸಾರ ಹೂಡಿದೆ. ಮದುಮಗಳು ಗಂಡನ ಮನೆಗೆ ಹೋಗುವಾಗ ಅಳುತ್ತಾಳಲ್ಲ, ನನಗೆ ಅಳುವುದಕ್ಕೂ ಒಂದು ದಾರಿ ಇರಲಿಲ್ಲ.

ಮದುವೆಗೆ ಹಿಂದಿನ ವರ್ಷ ನಡೆದ ಒಂದು ಸಂಗತಿ ಹೇಳದಿದ್ದರೆ ಇವರ ಬುದ್ಧಿ ಯಾಕೆ ಹೀಗಾಯಿತೆಂದು ನಿಮಗೆ ಅರ್ಥವಾಗಲಿಕ್ಕಿಲ್ಲ. ಶಿರ್ವದ ಪಾಸ್ಕಲ್ ಎಂಬವರಿಗೆ ಕುವೈತಿನಲ್ಲಿ ಕೆಲಸ ಸಿಕ್ಕಿತ್ತು. ಬಜಪೆಗೆ ಬಿಡಲು ನಮ್ಮವರ ಕಾರು. ಮನೆ ತುಂಬ ಜನ. ಪ್ರಾರ್ಥನೆ ಆಗಬೇಕು, ಹಿರಿಯರ ಮುಂದೆ ಒಬ್ಬೊಬ್ಬರಾಗಿ ಮೊಣಕಾಲೂರಿ ಆಶೀರ್ವಾದ ತೆಗೆದುಕೊಳ್ಳಬೇಕು, ಉಡುಪಿಯಿಂದ ಫೋಟೋದವನು ಬರಬೇಕು. ಫೋಟೋದವನು ಬಂದಾಗ ಪಾಸ್ಕಲರ ಹೆಂಡತಿ ಕಾನ್ಸೆಪ್ಟಾ ಬಾಯಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದರು, ಮುಖ ತೊಳೆದು ಬರುವವರೆಗೆ ಕಾಯಬೇಕಾಯಿತು. ನಮ್ಮವರು ಅಂಗಳದಲ್ಲಿ ನಿಂತು ಹಾರ್ನ್ ಮಾಡಿದರೆ, ಹಿರಿಯರೊಬ್ಬರು ಬಂದು ಸಾವಿನ ಮನೆಯಲ್ಲೂ ನೀನು ಹೀಗೆಯೇ ಹಾರ್ನ್ ಮಾಡುತ್ತೀಯಾ ಎಂದು ಗದರಿಸಿ ಹೋದರಂತೆ. ಬಜಪೆ ಮುಟ್ಟುವಾಗ ವಿಮಾನದ ಬಾಗಿಲು ಹಾಕಿಯಾಗಿತ್ತು. ವಿಮಾನ ಕಣ್ಣೆದುರಿಗೇ ನಿಂತಿತ್ತು. ಬಸ್ಸಾಗಿದ್ದರೆ ಓಡಿಹೋಗಿ ಹಿಂದಿನ ಬಾಗಿಲಿಗೆ ನೇತಾಡಬಹುದಿತ್ತು.

ಆ ಕೆಲಸ ಬೇರೆಯವರ ಪಾಲಾಯಿತು. ಪಾಸ್ಕಲರಿಗೆ ಇನ್ನೊಂದು ಸಿಗಲಿಲ್ಲ. ಮನೆಯ ಹಿಂದೆ ಮಲ್ಲಿಗೆ ಹಾಕಿದರು, ಗಂಡ ಹೆಂಡತಿ ಹೂ ಕೊಯ್ದು ಕಟ್ಟಿ ಜೀವನ ಮಾಡಿದರು. ನಮ್ಮವರ ಕಾರು ಆ ದಾರಿಯಲ್ಲಿ ಹೋದಾಗಲೆಲ್ಲ ಕೈಮಾಡಿ ನಿಲ್ಲಿಸಿ ಚಹಾಕ್ಕೆ ಕರೆಯುತ್ತಿದ್ದರಂತೆ. ಒಮ್ಮೆಯೂ ಹಳೆಯದನ್ನು ಎತ್ತಿದವರಲ್ಲ. ಬೈದಿದ್ದರೆ ಮರೆತುಬಿಡಬಹುದಿತ್ತು, ಆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ ಎಂದು ನಮ್ಮವರು ಎಷ್ಟೋ ಸಲ ಹೇಳಿದ್ದುಂಟು.

ಆಮೇಲೆ ಅವರು ಸುಳ್ಳು ಹೇಳಲು ಶುರು ಮಾಡಿದರು. ಬೇರೆ ಯಾವ ವಿಷಯದಲ್ಲೂ ಅಲ್ಲ, ವಿಮಾನದ ಹೊತ್ತಿನ ವಿಷಯದಲ್ಲಿ ಮಾತ್ರ. ವಿಮಾನ ನಾಲ್ಕಕ್ಕೆ ಇದ್ದರೆ ಮೂರಕ್ಕೆ ಎನ್ನುವುದು. ಟಿಕೇಟಿನಲ್ಲಿ ನಾಲ್ಕು ಎಂದು ಬರೆದಿದೆಯಲ್ಲ ಎಂದು ಯಾರಾದರೂ ಕೇಳಿದರೆ, ಅದು ಹಳೆಯ ಟೈಮು, ಈಗ ಬೇಗ ಬಿಡುತ್ತಾರಂತೆ, ಮಣಿಪಾಲದ ಟ್ರಾವೆಲ್ಸಿನವರು ಹೇಳಿದರು ಎನ್ನುವುದು. ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. ಜನ ಗಡಿಬಿಡಿಯಲ್ಲಿ ಹೊರಟು ಬಜಪೆಗೆ ಹೋಗಿ ಗಂಟೆಗಟ್ಟಲೆ ಬೆಂಚಿನ ಮೇಲೆ ಕೂತು ಆಕಳಿಸುತ್ತಿದ್ದರು. ನಾಲ್ಕಾರು ಮಂದಿ ಹಾಗೆ ಆಕಳಿಸಿದ ಮೇಲೆ ಗುಟ್ಟು ಊರಿಗೆಲ್ಲ ಗೊತ್ತಾಯಿತು. ದೇಜಪ್ಪಣ್ಣ ಹೇಳಿದ ಟೈಮಿಗೆ ಒಂದು ಗಂಟೆ ಸೇರಿಸಿಕೊಳ್ಳಿ ಎಂದು ಮನೆ ಮನೆಗಳಲ್ಲಿ ಮಾತಾಯಿತು. ಅದು ಗೊತ್ತಾಗಿ ಇವರು ಸುಳ್ಳನ್ನು ಇನ್ನಷ್ಟು ಉದ್ದ ಮಾಡಿದರು. ಜನ ಅದಕ್ಕೂ ಲೆಕ್ಕ ಕಲಿತರು. ಯಾರಿಗೂ ಬೇಸರ ಇರಲಿಲ್ಲ, ಅದೊಂದು ಆಟದ ಹಾಗೆ ನಡೆಯುತ್ತಿತ್ತು. ಆದರೆ ಪಾಸ್ಕಲರ ನಂತರ ಒಬ್ಬರಿಗೂ ವಿಮಾನ ತಪ್ಪಲಿಲ್ಲ.

ಬಜಪೆ ಬಾಡಿಗೆ ಇದ್ದ ದಿನ ನಮ್ಮವರನ್ನು ನೋಡಬೇಕಿತ್ತು. ಬೆಳಿಗ್ಗೆ ಎದ್ದು ಕಾರು ತೊಳೆಯುವುದು, ಎದುರಿನ ಗಾಜು ತಿಕ್ಕುವುದು, ಸ್ಟೆಪ್ನಿ ಒತ್ತಿ ನೋಡುವುದು. ಮುಖಕ್ಷೌರ ಮಾಡಿ, ಇಸ್ತ್ರಿ ಹಾಕಿದ ಅಂಗಿ ಹಾಕಿ, ರೇಡಿಯೋ ವಾರ್ತೆಗೆ ಕೈಗಡಿಯಾರ ಸರಿಮಾಡಿ, ಮಣಿಪಾಲಕ್ಕೆ ಹೋಗಿ ವಿಮಾನ ಉಂಟೋ ಇಲ್ಲವೋ ಎಂದು ಕೇಳಿಯೇ ಬರುವುದು. ನನ್ನನ್ನು ಉಡುಪಿಗೆ ಕರೆದುಕೊಂಡು ಹೋಗುವ ದಿನ ಅದೇ ಮನುಷ್ಯ ಮಾಸಿದ ಅಂಗಿಯಲ್ಲಿ ಸಂಜೆ ಬಂದು, ಇವತ್ತು ಆಗಲಿಲ್ಲ ಮಾರಾಯ್ತಿ, ನಾಳೆ ಹೋಗುವ ಎನ್ನುತ್ತಿದ್ದರು. ನಾಳೆ ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ. ನಂದಿಕೂರಿನ ಚಿಕ್ಕಮ್ಮನ ಮಗಳ ಮದುವೆಗೆ ನಾವು ಮುಟ್ಟಿದಾಗ ಎಲೆ ತೆಗೆಯುತ್ತಿದ್ದರು.

ಇದನ್ನೆಲ್ಲ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಸಹಿಸಲಾಗದೆ ಇದ್ದದ್ದು ನಳಿನಾಕ್ಷಿ.

ನಳಿನಾಕ್ಷಿ ನನ್ನ ಓರಗೆಯವಳು. ಶಾಲೆಯಲ್ಲಿ ಒಂದೇ ಬೆಂಚು. ದಿನಾ ತಡವಾಗಿ ಬರುತ್ತಿದ್ದಳು, ಮಾಸ್ಟ್ರು ಅವಳಿಗೆ ಏನೂ ಹೇಳುತ್ತಿರಲಿಲ್ಲ. ನನಗೆ ಒಂದು ದಿನ ತಡವಾದರೆ ಹೊರಗೆ ನಿಲ್ಲಿಸುತ್ತಿದ್ದರು. ಅವಳಿಗೆ ಬಣ್ಣ ಇತ್ತು, ಉದ್ದ ಜಡೆ ಇತ್ತು, ಮಾತಾಡಿದರೆ ಎದುರಿನವರು ಕರಗಿಹೋಗಬೇಕು, ಹಾಗೆ ಮಾತಾಡುತ್ತಿದ್ದಳು. ನಮ್ಮ ಮನೆಯಿಂದ ಮೂರು ಗದ್ದೆ ಆಚೆ ಅಪ್ಪಿಯಕ್ಕನ ಮನೆ. ಅವರ ಮಗ ತಾರಾನಾಥನನ್ನು ಮದುವೆಯಾಗಿ ಅಲ್ಲಿಗೇ ಬಂದಳು. ಅಂದರೆ ಶಾಲೆ ಮುಗಿದರೂ ಅವಳು ನನ್ನ ಕಣ್ಣೆದುರಿನಿಂದ ಹೋಗಲಿಲ್ಲ. ಮದುವೆಯಾಗಿ ತಿಂಗಳೊಳಗೆ ತಾರಾನಾಥ ಬಹರೈನಿಗೆ ಹೋದ. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ. ಬಂದಾಗ ಟೇಪ್ ರೆಕಾರ್ಡರು, ನೈಲಾನ್ ಸೀರೆ, ಘಮಘಮಿಸುವ ಸಾಬೂನು. ಅವಳು ಬಾವಿಕಟ್ಟೆಯಲ್ಲಿ ಮುಖ ತೊಳೆದರೆ ಆ ಪರಿಮಳ ನಮ್ಮ ಅಡುಗೆಮನೆಗೆ ಬರುತ್ತಿತ್ತು. ನಾನು ಕಿಟಕಿ ಹಾಕುತ್ತಿದ್ದೆ. ಹೊಟ್ಟೆಕಿಚ್ಚು ಎಂದು ನೀವು ಹೇಳುವುದಾದರೆ ಹೇಳಿ, ನಾನು ಇಲ್ಲ ಎನ್ನುವುದಿಲ್ಲ.

ಎಪ್ಪತ್ತಾರರಲ್ಲಿ ನನ್ನ ಮಗಳು ಹುಟ್ಟಿದ ದಿನ. ತಾರಾನಾಥ ರಜೆ ಮುಗಿಸಿ ಹೊರಟಿದ್ದ. ನನಗೆ ಬೆಳಿಗ್ಗೆಯೇ ನೋವು ಶುರುವಾಗಿತ್ತು. ಸಣ್ಣಗೆ ಉಂಟು, ಸಂಜೆಯವರೆಗೆ ಏನೂ ಆಗಲಿಕ್ಕಿಲ್ಲ ಎಂದು ಅಮ್ಮ ಹೇಳಿದ್ದನ್ನೇ ಹಿಡಿದುಕೊಂಡು ಇವರು ಬಜಪೆಗೆ ಹೋದರು. ಮಧ್ಯಾಹ್ನ ನೋವು ಜೋರಾಯಿತು. ಸ್ಟ್ಯಾಂಡಿನಲ್ಲಿ ಆ ಹೊತ್ತಿಗೆ ಒಂದು ಕಾರೂ ಇರಲಿಲ್ಲ. ಉಡುಪಿಗೆ ಹೋಗುತ್ತಿದ್ದ ಮೀನಿನ ಲಾರಿಯನ್ನು ಅಮ್ಮ ಅಡ್ಡ ನಿಂತು ನಿಲ್ಲಿಸಿದಳು. ಕಾರಿನವನ ಹೆಂಡತಿ ಬಂಗುಡೆಯ ನೀರು ಸೋರುವ ಲಾರಿಯಲ್ಲಿ ಕೂತು ಹೆರಿಗೆಗೆ ಹೋದಳು. ಇವರು ಬಂದಾಗ ಮಗು ಹುಟ್ಟಿ ಹಾಲು ಕುಡಿದು ನಿದ್ದೆ ಮಾಡುತ್ತಿತ್ತು. ತಾರಾನಾಥನ ವಿಮಾನ ಸರಿಯಾದ ಹೊತ್ತಿಗೆ ಹೋಯಿತು ಎಂದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಆ ದಿನದಿಂದ ನಳಿನಾಕ್ಷಿಯ ಮನೆಯ ಮೆಟ್ಟಿಲು ಹತ್ತಲಿಲ್ಲ.

ಎಂಬತ್ತಮೂರರ ಜೂನಿನಲ್ಲಿ ನಳಿನಾಕ್ಷಿಗೆ ಬಹರೈನಿಗೆ ಹೋಗುವ ವೀಸಾ ಬಂತು. ಒಂಬತ್ತು ವರ್ಷ ಕಾದಿದ್ದಳು. ಮಕ್ಕಳಿಲ್ಲ, ಮಕ್ಕಳಾಗಲು ಗಂಡ ಮನೆಯಲ್ಲಿರಬೇಕಲ್ಲ. ಊರಿನ ಹೆಂಗಸರು ಅದನ್ನೂ ಅವಳ ಬೆನ್ನ ಹಿಂದೆ ಹೇಳುತ್ತಿದ್ದರು. ತಾರಾನಾಥ ಕಂಪೆನಿಯವರ ಕಾಲು ಹಿಡಿದು ಹೆಂಡತಿಯನ್ನು ಕರೆಸಿಕೊಳ್ಳಲು ಒಪ್ಪಿಗೆ ಪಡೆದಿದ್ದ. ಕಾಗದಗಳೆಲ್ಲ ಕೈಸೇರುವಾಗ ವೀಸಾದ ಅವಧಿ ಮುಗಿಯುತ್ತಾ ಬಂದಿತ್ತು. ಬುಧವಾರ ಬಜಪೆಯಿಂದ ಬೊಂಬಾಯಿಗೆ, ಅದೇ ರಾತ್ರಿ ಅಲ್ಲಿಂದ ಬಹರೈನಿಗೆ. ಗುರುವಾರದೊಳಗೆ ಅಲ್ಲಿ ಕಾಲಿಡಬೇಕು, ಇಲ್ಲದಿದ್ದರೆ ವೀಸಾ ಸತ್ತ ಹಾಗೆ. ಮತ್ತೆ ಕೇಳಿದರೆ ಕಂಪೆನಿಯವರು ಕೊಡುವುದಿಲ್ಲವೆಂದು ತಾರಾನಾಥ ಬರೆದಿದ್ದನಂತೆ. ಇದನ್ನೆಲ್ಲ ನಮ್ಮವರು ರಾತ್ರಿ ಊಟಕ್ಕೆ ಕೂತು ನನಗೇ ಹೇಳುವುದು. ಪಾಪ, ಅವಳ ಜೀವನದ ಪ್ರಶ್ನೆ ಎನ್ನುವುದು. ನಾನು ಸಾರು ಬಡಿಸುವ ಸೌಟನ್ನು ಪಾತ್ರೆಗೆ ಕುಕ್ಕುತ್ತಿದ್ದೆ.

ಟಿಕೇಟಿನಲ್ಲಿ ವಿಮಾನ ನಾಲ್ಕು ಗಂಟೆಗೆ. ನಮ್ಮವರು ರೂಢಿಯ ಪ್ರಕಾರ ಎರಡೂವರೆಗೆ ಎಂದು ಹೇಳಿ ಬಂದಿದ್ದರು. ಆ ಮನೆಯವರು ನಗುತ್ತಾ ತಲೆಯಾಡಿಸಿ, ನಾಲ್ಕು ಗಂಟೆಯ ವಿಮಾನಕ್ಕೆ ಹೇಗೆ ಹೊರಡಬೇಕೋ ಹಾಗೆ ತಯಾರಿ ಮಾಡಿಕೊಂಡಿದ್ದರು. ಬೇಗ ಊಟ, ಊಟ ಮಾಡಿ ಒಂದು ಗಂಟೆಗೆ ಹೊರಡುವುದು. ಬಜಪೆಗೆ ಹೋಗಲು ಒಂದೂವರೆ ಗಂಟೆ ಸಾಕು.

ಬುಧವಾರ ಬೆಳಿಗ್ಗೆ ಇವರು ಮಣಿಪಾಲಕ್ಕೆ ಹೋದರು. ಹನ್ನೊಂದು ಗಂಟೆ ಕಳೆದಿತ್ತು, ನಾನು ಅಂಗಳದಲ್ಲಿ ಒಣಹಾಕಿದ ಬಟ್ಟೆ ತೆಗೆಯುತ್ತಿದ್ದೆ. ಮೋಡ ಕವಿದಿತ್ತು. ಸ್ಟ್ಯಾಂಡಿನ ಹತ್ತಿರ ಹೋಟೆಲು ಇಟ್ಟಿದ್ದ ಕೃಷ್ಣರಾಜ ರಾಯರು ತಮ್ಮ ಹಿತ್ತಲಿನಿಂದಲೇ ಕೂಗಿ ಕರೆದರು, ಮಣಿಪಾಲದಿಂದ ಫೋನು, ನಿಮ್ಮವರು ನಿಮ್ಮನ್ನೇ ಕರೆಯಿರಿ ಎನ್ನುತ್ತಿದ್ದಾರೆ ಎಂದು. ಇವರು ನನಗೆ ಫೋನು ಮಾಡಿದ್ದು ಅದೇ ಮೊದಲು. ಯಾರಾದರೂ ಸತ್ತರೋ ಎಂದು ಹೆದರಿ ಓಡಿದೆ.

ಯಾರೂ ಸತ್ತಿರಲಿಲ್ಲ. ಮಳೆಯ ದೆಸೆಯಿಂದಲೋ ಏನೋ, ಬೊಂಬಾಯಿಯ ವಿಮಾನವನ್ನು ಆ ದಿನ ಬೇಗ ಬಿಡುತ್ತಾರಂತೆ. ಎಷ್ಟಕ್ಕೆ ಗೊತ್ತುಂಟಾ? ಸರಿಯಾಗಿ ಎರಡೂವರೆಗೆ. ನಮ್ಮವರು ಹೇಳಿಬಂದ ಸುಳ್ಳೇ ನಿಜವಾಗಿ ಕೂತಿತ್ತು.

“ಈಗಲೇ ಹೋಗಿ ನಳಿನಾಕ್ಷಿಗೆ ಹೇಳು. ಪೆಟ್ಟಿಗೆ ಹಿಡಿದುಕೊಂಡು ರಸ್ತೆಗೆ ಬಂದು ನಿಲ್ಲಬೇಕು. ನಾನು ಮುಟ್ಟಿದ ಕೂಡಲೇ ಹೊರಡಬೇಕು, ಇಲ್ಲದಿದ್ದರೆ ಅವಳಿಗೆ ವಿಮಾನ ಸಿಗುವುದಿಲ್ಲ” ಎಂದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

ನನಗೂ ನಂಬಿಕೆ ಬರಲಿಲ್ಲ. ಇದು ನಿಮ್ಮ ಟೈಮಾ, ವಿಮಾನದ ಟೈಮಾ ಎಂದು ಕೇಳಿದೆ. ಮಗಳ ಮೇಲೆ ಆಣೆ ಮಾಡಿ ನಿಜ ಎಂದರು. ರಾಯರನ್ನು ಕಳುಹಿಸಿ, ನಾನು ಆ ಮನೆಗೆ ಹೋಗುವುದಿಲ್ಲ ಎಂದೆ. ರಾಯರು ಹೇಳಿದರೆ ದೇಜಪ್ಪನ ಸುಳ್ಳಿಗೆ ಇನ್ನೊಬ್ಬ ಸಾಕ್ಷಿ ಎಂದು ನಗುತ್ತಾರೆ, ನೀನು ಹೋಗು, ಕೈ ಮುಗಿಯುತ್ತೇನೆ ಎಂದರು. ಒಂಬತ್ತು ವರ್ಷದ ಸಂಸಾರದಲ್ಲಿ ನನಗೆ ಕೈ ಮುಗಿದದ್ದು ನಳಿನಾಕ್ಷಿಯ ವಿಮಾನಕ್ಕಾಗಿ.

ಗದ್ದೆಗಳ ನಡುವಿನ ಹುಣಿಯ ಮೇಲೆ ನಡೆಯುವಾಗ ನನ್ನ ತಲೆಯಲ್ಲಿ ಎಂತೆಂತದೋ ಓಡಿತು. ಅವಳು ಹೋಗಬಾರದು ಎಂದು ಮನಸ್ಸಿನಲ್ಲಿ ಇತ್ತು. ಇಲ್ಲೇ ಇರಲಿ, ನನ್ನ ಹಾಗೆ ಮುದುಕಿಯಾಗಲಿ, ಆ ಸಾಬೂನು ಮುಗಿಯಲಿ. ಅವಳು ಹೋಗಲಿ ಎಂದೂ ಇತ್ತು. ತೊಲಗಲಿ, ನಮ್ಮವರ ಬಾಯಲ್ಲಿ ಅವಳ ಹೆಸರು ಬರುವುದು ನಿಲ್ಲಲಿ. ಎರಡೂ ಒಟ್ಟಿಗೆ ಇತ್ತು. ಕಾಲು ಮಾತ್ರ ನಿಲ್ಲಲಿಲ್ಲ.

ಅಲ್ಲಿ ನೋಡಿದರೆ ಮದುವೆಮನೆ. ಗಲ್ಫಿಗೆ ಒಬ್ಬರು ಹೊರಟರೆ ನಮ್ಮೂರಲ್ಲಿ ಹತ್ತು ಮನೆಯವರು ಕಟ್ಟು ತರುತ್ತಾರೆ. ನನ್ನ ಮಗನಿಗೆ ಒಣಸಿಗಡಿ, ನನ್ನ ತಮ್ಮನಿಗೆ ಮಿಡಿ ಉಪ್ಪಿನಕಾಯಿ, ನನ್ನ ಭಾವನಿಗೆ ಹಲಸಿನ ಹಪ್ಪಳ. ಜಗಲಿ ತುಂಬ ಕಟ್ಟುಗಳು, ಪ್ರತಿ ಕಟ್ಟಿನ ಹತ್ತಿರ ಒಬ್ಬೊಬ್ಬ ಯಜಮಾನಿ. ಒಳಗೆ ಎಲೆ ಹಾಕಿ ಬಡಿಸಲು ಶುರು ಮಾಡಿದ್ದರು. ನಡುವೆ ನಳಿನಾಕ್ಷಿ ಕೂತಿದ್ದಳು, ಯಾರೋ ಅವಳ ಜಡೆಗೆ ಶಂಕರಪುರದ ಮಲ್ಲಿಗೆ ಮಾಲೆಯ ಅಟ್ಟೆಯನ್ನು ಸುತ್ತಿ ಸುತ್ತಿ ಚುಚ್ಚುತ್ತಿದ್ದರು. ನಾನು ಬಾಗಿಲಲ್ಲಿ ಕಂಡ ಕೂಡಲೇ ಮಾತು ನಿಂತಿತು. ಏಳು ವರ್ಷದಿಂದ ಮೆಟ್ಟಿಲು ಹತ್ತದವಳು ಬಂದಿದ್ದೆನಲ್ಲ.

ಇದ್ದದ್ದನ್ನು ಹೇಳಿದೆ. ವಿಮಾನ ಎರಡೂವರೆಗೇ ಅಂತೆ, ಈಗಲೇ ಹೊರಡಬೇಕಂತೆ, ಅವರು ಮಣಿಪಾಲದಿಂದ ಬರುತ್ತಿದ್ದಾರೆ ಎಂದೆ. ಮನೆಯೇ ನಕ್ಕಿತು.

“ದೇಜಪ್ಪ ಈಗ ಹೆಂಡತಿಗೂ ಕಲಿಸಿದ್ದಾನಾ?” ಎಂದರು ಅಪ್ಪಿಯಕ್ಕ, ಕಣ್ಣೊರೆಸಿಕೊಳ್ಳುತ್ತಾ. ಎರಡೂವರೆ ಎಂದು ಅವನು ಹೋದ ವಾರವೇ ಹೇಳಿಯಾಗಿದೆ, ನೀನು ಕೂತುಕೋ, ಒಂದು ತುತ್ತು ಊಟ ಮಾಡು ಎಂದು ನನಗೂ ಎಲೆ ಹಾಕಿಸಲು ಹೊರಟರು. ಇನ್ನೊಬ್ಬಳು ದೇಜಪ್ಪಣ್ಣನ ಗಡಿಯಾರಕ್ಕೆ ಮುಳ್ಳೇ ಇಲ್ಲ ಎಂದಳು. ಮತ್ತೊಮ್ಮೆ ನಗು. ನಳಿನಾಕ್ಷಿಯೂ ನಗುತ್ತಿದ್ದಳು, ತಲೆ ಅಲುಗಾಡಿಸಬೇಡ ಎಂದು ಹೂ ಚುಚ್ಚುವವರು ಅವಳ ಗಲ್ಲ ಹಿಡಿದಿದ್ದರು. ಆಣೆ ಮಾಡಿದ್ದಾರೆ ಎಂದೆ. ಅವನು ಎಲ್ಲರ ಹತ್ತಿರವೂ ಆಣೆ ಮಾಡುತ್ತಾನೆ ಎಂದರು. ಫೋನು ಬಂತು ಎಂದೆ. ಈ ಸಲ ಫೋನಿನಲ್ಲೂ ಶುರು ಮಾಡಿದನಾ ಎಂದರು.

ನನ್ನ ಪಿತ್ತ ನೆತ್ತಿಗೇರಿತು. ಅನ್ನದ ಪಾತ್ರೆಯಿಂದ ಹಬೆ ಬರುತ್ತಿತ್ತು, ಬಡಿಸುವವಳು ಅವಳ ಎಲೆಗೆ ಅನ್ನ ಹಾಕಿದಳು. ಹೊತ್ತು ಹೋಗುತ್ತಿತ್ತು. ನಾನು ಎಲೆಗಳ ಸಾಲನ್ನು ದಾಟಿ ಅವಳ ಎದುರಿಗೇ ಹೋಗಿ ನಿಂತೆ.

“ನಳಿನಾಕ್ಷಿ, ನೀನು ಹೋದರೆ ನನಗೇನೂ ಸಂತೋಷ ಇಲ್ಲ. ನಿನಗೆ ವಿಮಾನ ತಪ್ಪಿದರೆ ಇವತ್ತು ರಾತ್ರಿ ನಾನು ಚೆನ್ನಾಗಿ ಉಂಡು ಮಲಗುತ್ತೇನೆ. ಶಾಲೆಯಿಂದ ನಿನ್ನನ್ನು ಕಂಡರೆ ನನಗೆ ಆಗುವುದಿಲ್ಲ, ಅದು ನಿನಗೂ ಗೊತ್ತುಂಟು. ಅವರು ಹೇಳಿ ಕಳುಹಿಸಿದರು, ನಾನು ಹೇಳಿದೆ. ನೀನು ಪಾಯಸ ಉಂಡು ನಿಧಾನಕ್ಕೆ ಏಳು.”

ಯಾರೂ ನಗಲಿಲ್ಲ. ಅಪ್ಪಿಯಕ್ಕ ಶುಭದ ದಿನ ಇವಳೆಂತ ಅಪಶಕುನ ನುಡಿಯುತ್ತಾಳೆ ಎಂದು ಗೊಣಗಿದರು. ನಾನು ತಿರುಗಿ ಬಾಗಿಲಿಗೆ ಬಂದಿದ್ದೆ. ಹಿಂದೆ ಬಳೆಯ ಸದ್ದಾಯಿತು. ನೋಡಿದರೆ ನಳಿನಾಕ್ಷಿ ಎಲೆಯ ಮುಂದಿನಿಂದ ಎದ್ದು ನಿಂತಿದ್ದಾಳೆ. ಮುಖ ಬಿಳಿಚಿಕೊಂಡಿತ್ತು, ಚುಚ್ಚಿ ಮುಗಿಯದ ಹೂವು ಬೆನ್ನ ಮೇಲೆ ಜೋಲುತ್ತಿತ್ತು.

“ಅತ್ತೆ, ಇದು ನಿಜ. ದೇಜಪ್ಪಣ್ಣ ಸುಳ್ಳು ಹೇಳುವುದು ನಮಗೆ ಒಳ್ಳೆಯದಾಗಲಿ ಎಂದು. ಇವಳು ನನ್ನ ಒಳ್ಳೆಯದಕ್ಕೆ ಸುಳ್ಳು ಹೇಳುವವಳಲ್ಲ.”

ಅಷ್ಟೇ ಹೇಳಿ ಕೈ ತೊಳೆಯಲು ಹೋದಳು. ಆಮೇಲೆ ಆ ಮನೆಯಲ್ಲಿ ಆದ ಗಲಾಟೆ ಹೇಳಿ ಸುಖವಿಲ್ಲ. ಎಲೆ ತುಳಿದರು, ಅನ್ನ ಚೆಲ್ಲಿತು. ಕಟ್ಟು ತಂದವರು ನನ್ನದನ್ನಾದರೂ ಹಿಡಿದುಕೋ ಎಂದು ಅವಳ ಹಿಂದೆ ಓಡಿದರು. ಅವಳು ಅತ್ತೆಯ ಕಾಲು ಮುಟ್ಟಿದಳು, ಮಿಕ್ಕವರಿಗೆಲ್ಲ ನಿಂತಲ್ಲೇ ಕೈ ಮುಗಿದಳು. ದೊಡ್ಡ ಪೆಟ್ಟಿಗೆ ಎತ್ತಲು ಗಂಡಸರು ಯಾರೂ ಹತ್ತಿರ ಇರಲಿಲ್ಲ. ನಾನೇ ಎತ್ತಿ ತಲೆಯ ಮೇಲೆ ಇಟ್ಟುಕೊಂಡೆ. ಯಾಕೆ ಎತ್ತಿದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಹುಣಿಯ ಮೇಲೆ ನಾನು ಮುಂದೆ, ಅವಳು ಹಿಂದೆ. ಅವಳ ಮೈಯ ಸಾಬೂನಿನ ಪರಿಮಳ ದಾರಿಯುದ್ದಕ್ಕೂ ನನ್ನ ಮೂಗಿಗೆ ಹೊಡೆಯುತ್ತಿತ್ತು.

ರಸ್ತೆಗೆ ಮುಟ್ಟುವಾಗಲೇ ಕಾರು ಬಂತು. ನಮ್ಮವರು ಇಂಜಿನು ನಿಲ್ಲಿಸದೆ ಇಳಿದು ಪೆಟ್ಟಿಗೆಯನ್ನು ನನ್ನ ತಲೆಯಿಂದ ತೆಗೆದು ಡಿಕ್ಕಿಗೆ ಹಾಕಿದರು. ಪೆಟ್ಟಿಗೆಯನ್ನು ನೋಡಿದರು, ಅವಳನ್ನು ನೋಡಿದರು, ಕೈಗಡಿಯಾರ ನೋಡಿದರು. ನನ್ನನ್ನು ನೋಡಲು ಅವರಿಗೆ ಪುರುಸೊತ್ತು ಇರಲಿಲ್ಲ. ಕಾರು ಹೊರಟಿತು. ಮಳೆ ಹನಿಯಲು ಶುರುವಾಯಿತು, ನಾನು ಸೆರಗು ತಲೆಗೆ ಹಾಕಿಕೊಂಡು ಮನೆಗೆ ಬಂದೆ.

ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಅವಳಿಗೆ ವಿಮಾನ ಸಿಕ್ಕಿತೋ ಇಲ್ಲವೋ ಎಂದು ಹತ್ತು ಸಲ ಅಂಗಳಕ್ಕೆ ಬಂದು ಆಕಾಶ ನೋಡಿದೆ. ಕಾಪುವಿನಲ್ಲಿ ನಿಂತರೆ ಬಜಪೆಯ ವಿಮಾನ ಕಾಣುವುದಿಲ್ಲವೆಂದು ಗೊತ್ತಿದ್ದೂ ನೋಡಿದೆ. ಅವಳ ಚಿಂತೆಯಿಂದ ಅಲ್ಲ. ಅವಳ ಮಾತು ಮುಳ್ಳಿನ ಹಾಗೆ ಚುಚ್ಚಿಕೊಂಡಿತ್ತು. ಅದು ಸುಳ್ಳೆಂದು ಹೇಳುವ ಹಾಗೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನಮ್ಮವರು ಬಂದರು. ಅಂಗಿ ಒದ್ದೆ, ಮುಖದಲ್ಲಿ ಹಬ್ಬ. ಕಾಲು ತೊಳೆಯುವ ಮೊದಲೇ ಶುರು ಮಾಡಿದರು. ದಾರಿಯಲ್ಲಿ ಮಳೆ ಜೋರಾಗಿ ತಡವಾಯಿತಂತೆ, ಕೊನೆಯವಳಾಗಿ ಒಳಗೆ ಬಿಟ್ಟರಂತೆ, ಅವಳ ಪೆಟ್ಟಿಗೆಯನ್ನು ಕೈಗಾಡಿಯಲ್ಲಿ ಓಡಿಸಿಕೊಂಡು ಹೋದರಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಇನ್ನೊಬ್ಬ ಪಾಸ್ಕಲ್ ಆಗುತ್ತಿತ್ತು ಎಂದರು. ನಾನು ಗಂಜಿ ಬಡಿಸಿ ಬದಿಯಲ್ಲಿ ಕೂತೆ. ಅವರು ಉಣ್ಣುತ್ತಾ ಉಣ್ಣುತ್ತಾ ನಗಲು ಶುರು ಮಾಡಿದರು.

“ನಿನ್ನ ಮಾತನ್ನು ದಾರಿಯುದ್ದಕ್ಕೂ ಹೇಳಿ ಹೇಳಿ ನಕ್ಕಳು ಮಾರಾಯ್ತಿ, ಮತ್ತೆ ಅತ್ತಳು. ನನ್ನ ಹತ್ತು ವರ್ಷದ ಸುಳ್ಳಿನಿಂದ ಆಗದ್ದು ನಿನ್ನ ಹೊಟ್ಟೆಕಿಚ್ಚಿನಿಂದ ಆಯಿತು.”

ಅವರು ಹೊಗಳುತ್ತಿದ್ದರು. ನಿಜವಾಗಿಯೂ ಹೊಗಳುತ್ತಿದ್ದರು, ಆ ಮನುಷ್ಯನಿಗೆ ಕುಹಕ ಬರುವುದಿಲ್ಲ. ನನಗೆ ನಗು ಬರಲಿಲ್ಲ. ಊರವರಿಗಾಗಿ ಇವರು ಗಡಿಯಾರ ಸರಿಮಾಡಿದ್ದು, ಮುಖದ ಗೆರೆ ಅಲುಗದೆ ಸುಳ್ಳು ಹೇಳಿದ್ದು, ದಾರಿಯುದ್ದಕ್ಕೂ ದೇವರಿಗೆ ಹರಕೆ ಹೇಳಿಕೊಂಡದ್ದು ಎಲ್ಲ ಕಣ್ಣ ಮುಂದೆ ಬಂತು. ಶಿರ್ವದವರು, ಕಾರ್ಕಳದವರು, ಗುರುತಿಲ್ಲದವರು. ಎಲ್ಲರಿಗೂ ಒಂದೊಂದು ಸುಳ್ಳು.

“ನೀವು ಊರಿಗೆಲ್ಲ ಸುಳ್ಳು ಟೈಮು ಹೇಳಿದ್ದೀರಿ. ನನಗೆ ಒಂದು ಸಲವಾದರೂ ಹೇಳಿದ್ದುಂಟಾ?” ಎಂದು ಕೇಳಿದೆ.

ಅವರಿಗೆ ನನ್ನ ದನಿ ಅರ್ಥವಾಗಲಿಲ್ಲ. ಎದೆ ಮುಂದೆ ಮಾಡಿ, ನಿನ್ನ ಹತ್ತಿರ ಯಾವತ್ತೂ ಸುಳ್ಳು ಹೇಳಿಲ್ಲ, ಬೇಕಾದರೆ ದೇವರ ಮುಂದೆ ಹೇಳುತ್ತೇನೆ ಎಂದರು.

“ಹೇಳಿ. ನನಗೂ ಒಂದು ಹೇಳಿ. ಇವಳಿಗೆ ತಪ್ಪಿಹೋಗುತ್ತದೆ ಎಂದು ಹೆದರಿ ಹೇಳಿ.”

ಅವರು ಬಾಯಿಗೆ ಒಯ್ದ ಗಂಜಿಯನ್ನು ಕೆಳಗಿಟ್ಟರು. ಮೊದಲ ಸಲ ಆ ದಿನ ನನ್ನ ಮುಖವನ್ನು ಸರಿಯಾಗಿ ನೋಡಿದರು.

“ಎಲ್ಲಿಗೆ ಹೊರಡುವುದಕ್ಕೆ?” ಎಂದು ಕೇಳಿದರು. ತಮಾಷೆಗಲ್ಲ, ಹೇಳಿದರೆ ನಾಳೆಯೇ ಕಾರು ತೊಳೆಯುವವರ ಹಾಗೆ ಕೇಳಿದರು.

ನಾನು ಬಾಯಿ ತೆರೆದೆ. ಉಡುಪಿ ಎನ್ನಲೇ? ಒಂದು ಬಸ್ಸು ಹೋದರೆ ಅದರ ಹಿಂದೆಯೇ ಇನ್ನೊಂದು ಬರುತ್ತದೆ. ನಂದಿಕೂರಿನ ಚಿಕ್ಕಮ್ಮನ ಮನೆ? ಅಲ್ಲಿಗೆ ಇವತ್ತು ಆಗದಿದ್ದರೆ ನಾಳೆ. ಮಣಿಪಾಲ, ಕಾರ್ಕಳ, ಮಂಗಳೂರು, ಒಂದೊಂದನ್ನೇ ನೆನೆದು ನೋಡಿದೆ. ತಡವಾದರೆ ತಪ್ಪಿಹೋಗುವಂಥ ಒಂದು ಊರೂ ನನಗಿರಲಿಲ್ಲ. ಅವರು ಗಂಜಿಯ ಬಟ್ಟಲು ಮುಂದಿಟ್ಟುಕೊಂಡು, ಉಣ್ಣದೆ, ನನ್ನ ಉತ್ತರಕ್ಕೆ ಕಾಯುತ್ತಿದ್ದರು.